ವಾಹನಕ್ಕೆ ಹೆಸರು, ಹೆಸರಿಗೆ ಲಿಂಗ: ಒಂದು ರೂಢಿಯ ಚರಿತ್ರೆ

ಮನೆಯ ಕಾರಿಗೊಂದು ಹೆಸರಿಟ್ಟು ಅದನ್ನು ಹೆಣ್ಣೆಂದೋ ಗಂಡೆಂದೋ ಭಾವಿಸುವ ರೂಢಿಯನ್ನು ಮಾಲೀಕರ ಖಾಸಗಿ ಅಕ್ಕರೆಯೆಂದು ಎಣಿಸಿ ಬಿಟ್ಟುಬಿಡುವುದು ವಾಡಿಕೆಯಾದರೂ, ಈ ರೂಢಿಯ ಬೇರುಗಳು ಮೋಟಾರು ವಾಹನಕ್ಕಿಂತ ಬಹಳ ಹಿಂದಕ್ಕೆ ಚಾಚಿಕೊಂಡಿವೆ. ರಥ, ಹಡಗು, ರೈಲು ಎಂಜಿನ್ನು ಮತ್ತು ಕಾರುಗಳ ಹೆಸರುಗಳನ್ನು ಒಂದೇ ಸಾಲಿನಲ್ಲಿಟ್ಟು ನೋಡಿದಾಗ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮನುಷ್ಯರು ತಮ್ಮ ಪ್ರಾಣವನ್ನೋ ಮಾನವನ್ನೋ ಜೀವನೋಪಾಯವನ್ನೋ ಯಾವ ವಾಹನಕ್ಕೆ ಒಪ್ಪಿಸಿದರೋ ಆ ವಾಹನಕ್ಕೆ ಹೆಸರು ಬಂದಿದೆ. ಎರಡನೆಯದಾಗಿ, ಆ ಹೆಸರು ಹೆಣ್ಣಿನದಾಯಿತೋ ಗಂಡಿನದಾಯಿತೋ ಎಂಬುದನ್ನು ಯಂತ್ರದ ಗುಣಕ್ಕಿಂತ ಹೆಚ್ಚಾಗಿ ಆಡುವವರ ಭಾಷೆಯೂ, ಚುಕ್ಕಾಣಿ ಹಿಡಿದವರಿಗೂ ವಾಹನಕ್ಕೂ ನಡುವಿನ ಸಂಬಂಧವೂ ನಿರ್ಧರಿಸಿವೆ.

ಭಾರತದಲ್ಲಿ ಈ ರೂಢಿಯ ಹಳೆಯ ರೂಪ ರಥಗಳಲ್ಲಿ ಕಾಣುತ್ತದೆ. ಮಹಾಭಾರತವು ಕೃಷ್ಣನ ರಥಕ್ಕೆ ಹೂಡಿದ ಕುದುರೆಗಳನ್ನು ಶೈಬ್ಯ, ಸುಗ್ರೀವ, ಮೇಘಪುಷ್ಪ, ಬಲಾಹಕ ಎಂದು ಹೆಸರಿಸುತ್ತದೆ. ಪುರಿಯ ರಥಯಾತ್ರೆಯಲ್ಲಿ ಜಗನ್ನಾಥನ ಹದಿನಾರು ಗಾಲಿಗಳ ರಥ ನಂದಿಘೋಷವೆಂದೂ, ಬಲಭದ್ರನ ಹದಿನಾಲ್ಕು ಗಾಲಿಗಳ ರಥ ತಾಲಧ್ವಜವೆಂದೂ, ಸುಭದ್ರೆಯ ಹನ್ನೆರಡು ಗಾಲಿಗಳ ರಥ ದರ್ಪದಲನವೆಂದೂ ಕರೆಸಿಕೊಳ್ಳುತ್ತವೆ. ಈ ಮೂರು ರಥಗಳನ್ನು ಪ್ರತಿವರ್ಷವೂ ಹೊಸ ಮರದಿಂದ ಕಟ್ಟಲಾಗುತ್ತದೆಯಾದರೂ ಹೆಸರುಗಳು ಬದಲಾಗುವುದಿಲ್ಲ. ಹೆಸರು ನಿಂತಿರುವುದು ಮರದ ಮೇಲಲ್ಲ, ರಥಕ್ಕೂ ಅದರಲ್ಲಿ ಕುಳಿತ ದೇವರಿಗೂ ಇರುವ ಸಂಬಂಧದ ಮೇಲೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಗಲಾರದು.

ಯುರೋಪಿನಲ್ಲಿ ಇದೇ ಸ್ಥಾನ ಹಡಗಿಗಿತ್ತು. ತಿಂಗಳುಗಟ್ಟಲೆ ನಾವಿಕರನ್ನು ಹೊತ್ತು ತಿರುಗುತ್ತಿದ್ದ ಹಡಗನ್ನು ಇಂಗ್ಲಿಷ್ ಭಾಷಿಕರು ಶತಮಾನಗಳ ಕಾಲ 'ಅವಳು' ಎಂದೇ ನಿರ್ದೇಶಿಸುತ್ತಿದ್ದು, ಹಡಗು ವ್ಯಾಪಾರದ ಹಳೆಯ ಪತ್ರಿಕೆಯಾದ ಲಾಯ್ಡ್ಸ್ ಲಿಸ್ಟ್ ಆ ಪ್ರಯೋಗವನ್ನು ಕೈಬಿಟ್ಟದ್ದು 2002ರಲ್ಲಿ. ರೈಲು ಬಂದಾಗ ನಾಮಕರಣದ ಪದ್ಧತಿ ನೀರಿನಿಂದ ನೆಲಕ್ಕೆ ಇಳಿಯಿತು. 1829ರಲ್ಲಿ ಇಂಗ್ಲೆಂಡಿನ ರೇನ್‌ಹಿಲ್‌ನಲ್ಲಿ ನಡೆದ ಪರೀಕ್ಷೆಗಳಲ್ಲಿ ಗೆದ್ದ ಸ್ಟೀಫನ್‌ಸನ್ನರ ಎಂಜಿನ್ನಿಗೆ ರಾಕೆಟ್ ಎಂಬ ಹೆಸರಿದ್ದಂತೆ ಅದರೊಡನೆ ಸ್ಪರ್ಧಿಸಿದ ಎಂಜಿನ್ನುಗಳಿಗೂ ಒಂದೊಂದು ಹೆಸರಿತ್ತು. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಹೊರಟ ಭಾರತದ ಮೊದಲ ಪ್ರಯಾಣಿಕ ರೈಲನ್ನು ಸಾಹಿಬ್, ಸಿಂಧ್ ಮತ್ತು ಸುಲ್ತಾನ್ ಎಂಬ ಮೂರು ಎಂಜಿನ್ನುಗಳು ಎಳೆದವು. 1855ರಲ್ಲಿ ತಯಾರಾಗಿ ಪೂರ್ವ ಭಾರತದ ಹಳಿಗಳ ಮೇಲೆ ಓಡಿದ ಇನ್ನೊಂದು ಎಂಜಿನ್ನು ಫೇರಿ ಕ್ವೀನ್, ಅಂದರೆ ಅಪ್ಸರೆಯರ ರಾಣಿ, ಎಂದು ಪ್ರಸಿದ್ಧವಾಯಿತು. ಒಂದೇ ದೇಶದ ಒಂದೇ ಬಗೆಯ ಯಂತ್ರಗಳಲ್ಲಿ ಒಂದು ಸುಲ್ತಾನನೂ ಇನ್ನೊಂದು ರಾಣಿಯೂ ಆಗಲು ಸಾಧ್ಯವಾದದ್ದರಿಂದ, ಲಿಂಗವು ಉಕ್ಕು ಮತ್ತು ಹಬೆಯಲ್ಲಿ ಅಡಗಿರಲಿಲ್ಲವೆಂಬುದು ಖಚಿತ.

ರಸ್ತೆಯ ಮೇಲೆ ತಾನಾಗಿ ಚಲಿಸುವ ವಾಹನಗಳಿಗೆ ಹೆಸರಿಡುವ ರೂಢಿ ಗಟ್ಟಿಗೊಂಡದ್ದು ಫ್ರಾನ್ಸಿನಲ್ಲಿ. ಲ ಮಾನ್ ಪಟ್ಟಣದ ಆಮೆಡೆ ಬೊಲ್ಲೆ ಎಂಬಾತ 1873ರಲ್ಲಿ ಹನ್ನೆರಡು ಮಂದಿ ಕೂರಬಹುದಾದ ಹಬೆಗಾಡಿಯೊಂದನ್ನು ಕಟ್ಟಿ ಅದಕ್ಕೆ 'ಲೊಬೆಯಿಸಾಂತ್', ಅಂದರೆ 'ಹೇಳಿದಂತೆ ಕೇಳುವವಳು', ಎಂದು ಹೆಸರಿಟ್ಟನು. 1875ರಲ್ಲಿ ಆ ಗಾಡಿ ಲ ಮಾನ್‌ನಿಂದ ಪ್ಯಾರಿಸ್‌ಗೆ ಸುಮಾರು 18 ಗಂಟೆಗಳಲ್ಲಿ ತಲಪಿತು. ಬೊಲ್ಲೆಯ ಮನೆತನದ ಕಸುಬು ಚರ್ಚುಗಳ ಗಂಟೆ ಎರಕ ಹೊಯ್ಯುವುದು. ಕ್ಯಾಥೊಲಿಕ್ ಯುರೋಪಿನಲ್ಲಿ ಹೊಸ ಗಂಟೆಯನ್ನು ಪಾದ್ರಿಗಳು ಆಶೀರ್ವದಿಸಿ ಮಗುವಿಗೆ ಇಡುವಂತೆ ಹೆಸರಿಡುವ ಪದ್ಧತಿಯಿತ್ತು. ಹೀಗಾಗಿ ಲೋಹದ ವಸ್ತುವೊಂದಕ್ಕೆ ನಾಮಕರಣ ಮಾಡುವುದು ಇಂಥ ಕುಶಲಕರ್ಮಿಗೆ ಹೊಸದೆನಿಸುವ ಸಂಗತಿಯಾಗಿರಲಿಲ್ಲ. 1878ರಲ್ಲಿ ಆತ ಕಟ್ಟಿದ ಮುಂದಿನ ಗಾಡಿಗೆ 'ಲಾ ಮಾನ್ಸೆಲ್', ಅಂದರೆ 'ಲ ಮಾನ್‌ನ ಹೆಣ್ಣುಮಗಳು', ಎಂಬ ಹೆಸರು ಬಂತು. 1884ರಲ್ಲಿ ದ ದಿಯೋನ್ ಎಂಬ ಶ್ರೀಮಂತ ಕೌಂಟನೂ ಅವನ ಜೊತೆಗಾರರೂ ನಿರ್ಮಿಸಿದ ಹಬೆಕಾರಿಗೆ ಆ ಕೌಂಟನ ತಾಯಿಯ ಗೌರವಾರ್ಥ 'ಲಾ ಮಾರ್ಕೀಸ್' ಎಂಬ ಹೆಸರಾಯಿತು. ಇಂದಿಗೂ ಓಡಬಲ್ಲ ಅತ್ಯಂತ ಹಳೆಯ ಕಾರುಗಳಲ್ಲಿ ಒಂದೆನಿಸಿದ ಇದು 2011ರ ಹರಾಜಿನಲ್ಲಿ 46 ಲಕ್ಷ ಡಾಲರಿಗೂ ಮಿಕ್ಕಿ ಬೆಲೆ ಪಡೆಯಿತು. 1899ರಲ್ಲಿ ಬೆಲ್ಜಿಯಮ್ಮಿನ ಕಮೀ ಜೆನಾಟ್ಸಿ ಗಂಟೆಗೆ 100 ಕಿ.ಮೀ. ವೇಗವನ್ನು ಮೊಟ್ಟಮೊದಲು ದಾಟಿದ ವಿದ್ಯುತ್ ಕಾರಿನ ಹೆಸರು 'ಲಾ ಜಮೇ ಕೊಂತಾಂತ್', ಎಂದೂ ತೃಪ್ತಿಯಾಗದವಳು.

ಈ ಹೆಸರುಗಳೆಲ್ಲ ಸ್ತ್ರೀಲಿಂಗದಲ್ಲಿರುವುದಕ್ಕೆ ಮೊದಲ ಕಾರಣ ವ್ಯಾಕರಣ. ಫ್ರೆಂಚಿನಲ್ಲಿ ನಿರ್ಜೀವ ವಸ್ತುಗಳ ನಾಮಪದಗಳೂ ಪುಲ್ಲಿಂಗ ಅಥವಾ ಸ್ತ್ರೀಲಿಂಗಕ್ಕೆ ಸೇರಲೇಬೇಕಾಗಿದ್ದು, ಗಾಡಿಯನ್ನು ಸೂಚಿಸುವ ಪದ ಸ್ತ್ರೀಲಿಂಗಕ್ಕೆ ಸೇರಿದೆ. ಆದರೆ ವ್ಯಾಕರಣ ಹೆಣ್ಣು ಎಂದಷ್ಟೇ ಹೇಳಬಲ್ಲದು. ಆ ಹೆಣ್ಣು ವಿಧೇಯಳೋ ಅತೃಪ್ತಳೋ ಎಂದು ಹೇಳಿದವರು ಗಂಡಸರು. ಇಟಲಿಯಲ್ಲಿ ಈ ಆಯ್ಕೆ ಬಹಿರಂಗ ಚರ್ಚೆಗೇ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಟಾಲಿಯನ್ ಭಾಷಿಕರು ಆಟೊಮೊಬೈಲಿಗೆ ಎರಡೂ ಲಿಂಗಗಳನ್ನು ಬಳಸುತ್ತಿದ್ದರು. ವೇಗ ಮತ್ತು ಯಂತ್ರಶಕ್ತಿಯನ್ನು ಕೊಂಡಾಡಿದ ಫ್ಯೂಚರಿಸ್ಟ್ ಪಂಥದ ಪ್ರವರ್ತಕ ಮರಿನೆಟ್ಟಿ 1909ರ ತನ್ನ ಪ್ರಣಾಳಿಕೆಯಲ್ಲಿ ಗರ್ಜಿಸುವ ಕಾರನ್ನು ಪುಲ್ಲಿಂಗದಲ್ಲಿಯೇ ಬಣ್ಣಿಸಿ, ಅದು ಗ್ರೀಕ್ ವಿಜಯದೇವತೆಯ ಪ್ರಾಚೀನ ಶಿಲ್ಪಕ್ಕಿಂತಲೂ ಚೆಲುವಾದುದೆಂದನು. 1920ರಲ್ಲಿ ಕವಿ ಗಾಬ್ರಿಯೇಲೆ ದಾನ್ನುಂಟ್ಸಿಯೊ ಫಿಯಟ್ ಸಂಸ್ಥೆಯ ಜೊವಾನ್ನಿ ಆನ್ಯೆಲ್ಲಿಗೆ ಬರೆದ ಪತ್ರದಲ್ಲಿ, ಸೊಬಗು, ಚುರುಕು ಮತ್ತು ವಿಧೇಯತೆಗಳು ಕೂಡಿರುವುದರಿಂದ ಕಾರು ಹೆಣ್ಣೇ ಸರಿ ಎಂದು ತೀರ್ಪಿತ್ತನು. ಇಟಾಲಿಯನ್ ಭಾಷೆಯಲ್ಲಿ ಉಳಿದುಬಂದದ್ದೂ ಸ್ತ್ರೀಲಿಂಗವೇ. ಯುದ್ಧವನ್ನು ವೈಭವೀಕರಿಸಿದವನಿಗೆ ಕಾರು ಗಂಡಾಗಿ ಕಂಡಿತು, ತನ್ನ ಕೈಯಲ್ಲಿ ಅದು ಪಳಗಿದೆಯೆಂದು ಹೆಮ್ಮೆಪಟ್ಟವನಿಗೆ ಹೆಣ್ಣಾಗಿ ಕಂಡಿತು. ಹೆಣ್ಣನ್ನು ಅಂಕೆಯಲ್ಲಿರಬೇಕಾದವಳೆಂದು ಎಣಿಸಿದ್ದ ಸಮಾಜದಲ್ಲಿ ಕಾರಿನ ಲಿಂಗವೂ ಅದೇ ಎಣಿಕೆಯ ಮುಂದುವರಿಕೆಯಾಗಿತ್ತು ಎಂಬುದನ್ನು ಮರೆಮಾಚಿ ಈ ಚರಿತ್ರೆಯನ್ನು ಬರೆಯಲಾಗದು.

ಆದರೂ ಹೆಣ್ಣುಹೆಸರಿಗೆ ಇದೊಂದೇ ಕಾರಣವಿರಲಿಲ್ಲ. ಗೆರ್ಟ್ರೂಡ್ ಸ್ಟೈನ್ ಎಂಬ ಅಮೆರಿಕನ್ ಲೇಖಕಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಫ್ರಾನ್ಸಿನ ಗಾಯಾಳು ಸೈನಿಕರಿಗೆ ನೆರವಾಗುತ್ತಿದ್ದ ಅಮೆರಿಕನ್ ನಿಧಿಯೊಂದರ ಪರವಾಗಿ ಆಸ್ಪತ್ರೆಗಳಿಗೆ ಸಾಮಗ್ರಿ ಸಾಗಿಸಲೆಂದು ಫೋರ್ಡ್ ಗಾಡಿಯೊಂದನ್ನು ತರಿಸಿಕೊಂಡು, ತಾನೇ ಅದನ್ನು ಓಡಿಸಿದಳು. ಆ ಗಾಡಿಗೆ ಆಕೆ ಇಟ್ಟ ಹೆಸರು 'ಆಂಟಿ'. ತುರ್ತು ಸಂದರ್ಭಗಳಲ್ಲಿ ಮೆಚ್ಚುವಂತೆ ನಡೆದುಕೊಳ್ಳುತ್ತಿದ್ದ, ತಕ್ಕಮಟ್ಟಿಗೆ ಹೊಗಳುತ್ತಿದ್ದರೆ ಉಳಿದ ಹೊತ್ತಿನಲ್ಲೂ ಸರಿಯಾಗಿಯೇ ಇರುತ್ತಿದ್ದ ತನ್ನ ಪಾಲಿನ್ ಅತ್ತೆಯ ನೆನಪಿಗೆ ಈ ಹೆಸರು. ಯುದ್ಧಾನಂತರ ಬಂದ ಇನ್ನೊಂದು ಫೋರ್ಡಿನ ಚಾಲಕನ ಮುಂದಿನ ಫಲಕವು ಗಡಿಯಾರವೇ ಮೊದಲಾದ ಯಾವ ಉಪಕರಣವೂ ಇಲ್ಲದೆ ಬೋಳಾಗಿದ್ದುದರಿಂದ ಅದು, ವಿವಸ್ತ್ರಳಾಗಿ ಕುದುರೆ ಸವಾರಿ ಮಾಡಿದಳೆಂದು ಇಂಗ್ಲಿಷ್ ಐತಿಹ್ಯ ಹೇಳುವ ಗೊಡೈವಾಳ ಹೆಸರನ್ನು ಪಡೆಯಿತು. ಇಲ್ಲಿ ಹೆಸರಿಟ್ಟವಳೂ ಓಡಿಸಿದವಳೂ ಹೆಂಗಸೇ ಆಗಿದ್ದು, ಹೆಣ್ಣುಹೆಸರು ಸೂಚಿಸಿದ್ದು ಅಧೀನತೆಯನ್ನಲ್ಲ, ಆಪತ್ತಿಗಾಗುವ ಬಂಧುತ್ವವನ್ನು.

ಇದಕ್ಕೂ ಮೊದಲೇ ಕಾರಿನ ಗುರುತು ಹೆಸರಿನಿಂದ ಸಂಖ್ಯೆಗೆ ಸರಿಯತೊಡಗಿತ್ತು. ಬ್ರಿಟನ್ನಿನಲ್ಲಿ 1903ರ ಮೋಟಾರು ಕಾಯಿದೆಯ ಪ್ರಕಾರ 1904ರ ಜನವರಿ 1ರಿಂದ ಪ್ರತಿಯೊಂದು ಕಾರಿಗೂ ನೋಂದಣಿ ಫಲಕ ಕಡ್ಡಾಯವಾಯಿತು. ವ್ಯಾಪಾರವೂ ಹೆಸರನ್ನು ತನ್ನದಾಗಿಸಿಕೊಂಡಿತು. ನೀಸ್ ನಗರದ ಉದ್ಯಮಿ ಎಮಿಲ್ ಯೆಲಿನೆಕ್ 1899ರಲ್ಲಿ ತನ್ನ ಮಗಳು ಮೆರ್ಸಿಡೀಸಳ ಹೆಸರನ್ನು ತಾನೇ ಧರಿಸಿ ಕಾರು ಸ್ಪರ್ಧೆಗೆ ಇಳಿದನು. ಮರುವರ್ಷ ಡೈಮ್ಲರ್ ಕಾರ್ಖಾನೆಗೆ 36 ಕಾರುಗಳ ಬೇಡಿಕೆ ಸಲ್ಲಿಸಿದಾಗ ಹೊಸ ಎಂಜಿನ್ನಿಗೂ ಅದೇ ಹೆಸರನ್ನು ಇಡಿಸಿದನು. 1902ರಲ್ಲಿ ಹೆಸರು ವ್ಯಾಪಾರಮುದ್ರೆಯಾಗಿ ನೋಂದಣಿಯಾಯಿತು. ಹನ್ನೆರಡು ವರ್ಷ ದಾಟದ ಹುಡುಗಿಯೊಬ್ಬಳ ಹೆಸರು ಸಾವಿರಾರು ವಾಹನಗಳ ಕುಲನಾಮವಾದದ್ದು ಹೀಗೆ. 1907ರಲ್ಲಿ ರೋಲ್ಸ್‌-ರಾಯ್ಸ್ ಸಂಸ್ಥೆಯ ಕ್ಲಾಡ್ ಜಾನ್‌ಸನ್, ಬೆಳ್ಳಿಬಣ್ಣ ಬಳಿದು ಬೆಳ್ಳಿಯ ಲೇಪದ ಬಿಡಿಭಾಗಗಳನ್ನು ತೊಡಿಸಿದ ಒಂದು ಕಾರಿಗೆ, ಅದರ ನಿಶ್ಶಬ್ದ ಓಟವನ್ನು ಸೂಚಿಸಲು, ಬೆಳ್ಳಿಯ ಭೂತವೆಂಬ ಅರ್ಥದ ಸಿಲ್ವರ್ ಘೋಸ್ಟ್ ಹೆಸರನ್ನು ಕೊಟ್ಟನು. ಮುಂದೆ ಆ ಒಂಟಿ ಕಾರಿನ ಹೆಸರೇ ಇಡೀ ಮಾದರಿಗೆ ಅಂಟಿತು. ಇತ್ತ ಅಮೆರಿಕದಲ್ಲಿ ಫೋರ್ಡ್ ಕಾರ್ಖಾನೆ 1908ರಿಂದ 1927ರವರೆಗೆ ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳನ್ನು ತಯಾರಿಸಿತು. ಒಂದರಂತೆ ಒಂದಿದ್ದ ಈ ಕಾರುಗಳಿಗೆ ಕಾರ್ಖಾನೆ ಕೊಟ್ಟದ್ದು ಬರಿಯ ಅಕ್ಷರ. ಜನ ಕೊಟ್ಟದ್ದು 'ಟಿನ್ ಲಿಜ್ಜಿ', ತಗಡಿನ ಲಿಜ್ಜಿ, ಎಂಬ ಹೆಣ್ಣುಹೆಸರು. ಮುಂಭಾಗದ ಹಿಡಿಕೆ ತಿರುಗಿಸಿ ಚಾಲೂ ಮಾಡುವಾಗ ಹಿಮ್ಮುಖವಾಗಿ ಒದೆದು ಮಣಿಕಟ್ಟು ಮುರಿಯಬಲ್ಲ ಆ ಯಂತ್ರವನ್ನು ಪಳಗಿಸಿಕೊಂಡ ರೈತರಿಗೆ ಅದು ಬರಿಯ ಅಕ್ಷರವಾಗಿ ಉಳಿಯಲಿಲ್ಲ.

ಹೆಸರಿಗೂ ಪ್ರಾಣಾಪಾಯಕ್ಕೂ ಇರುವ ನಂಟು ಎಲ್ಲಕ್ಕಿಂತ ತೀಕ್ಷ್ಣವಾಗಿ ತೋರುವುದು 'ಬ್ಯಾಬ್ಸ್' ಎಂಬ ಕಾರಿನ ಕಥೆಯಲ್ಲಿ. ವೇಲ್ಸ್ ಮೂಲದ ಎಂಜಿನಿಯರ್ ಪ್ಯಾರಿ-ಥಾಮಸ್, ಸ್ಪರ್ಧೆಯಲ್ಲಿ ಮಡಿದ ಕೌಂಟ್ ಜ್ಬೊರೊವ್ಸ್ಕಿಯ ಕಾರನ್ನು 125 ಪೌಂಡಿಗೆ ಕೊಂಡು, ವಿಮಾನಕ್ಕೆಂದು ತಯಾರಾದ 27 ಲೀಟರಿನ ಎಂಜಿನ್ನು ಹೊತ್ತ ಆ ದೈತ್ಯಯಂತ್ರವನ್ನು ಪುನಃ ರೂಪಿಸಿ ಈ ಮುದ್ದುಹೆಸರಿಟ್ಟನು. 1926ರಲ್ಲಿ ವೇಲ್ಸಿನ ಪೆಂಡೈನ್ ಕಡಲತೀರದ ಮರಳಿನ ಮೇಲೆ ಅದು ಗಂಟೆಗೆ ಸುಮಾರು 275 ಕಿ.ಮೀ. ವೇಗದಲ್ಲಿ ಓಡಿ ವಿಶ್ವದಾಖಲೆ ಬರೆಯಿತು. 1927ರ ಮಾರ್ಚ್ 3ರಂದು ಅದೇ ಮರಳಿನ ಮೇಲೆ ಕಾರು ಉರುಳಿ ಪ್ಯಾರಿ-ಥಾಮಸ್ ಮೃತಪಟ್ಟನು. ಕಾರನ್ನು ಗುಜರಿಗೆ ಹಾಕದೆ, ತೀರದಲ್ಲಿಯೇ ಗುಂಡಿ ತೋಡಿ ಹೂಳಲಾಯಿತು. 1969ರಲ್ಲಿ ಅದನ್ನು ಮತ್ತೆ ಅಗೆದು ತೆಗೆದು ಬಹುಕಾಲದ ದುಡಿಮೆಯಿಂದ ಓಡುವ ಸ್ಥಿತಿಗೆ ತರಲಾಯಿತು. ಹೆಸರಿಟ್ಟ ಯಂತ್ರಕ್ಕೆ ಅಂತ್ಯಸಂಸ್ಕಾರವೂ ಸಲ್ಲಬೇಕೆಂದು ಜನರಿಗೆ ಅನ್ನಿಸಿತ್ತು ಎಂಬುದನ್ನು ಈ ಸಮಾಧಿ ಸಾರುತ್ತದೆ.

ಮನೋವಿಜ್ಞಾನಿಗಳು ಈ ಪ್ರವೃತ್ತಿಯನ್ನು ಮಾನುಷಾರೋಪವೆಂದು, ಎಂದರೆ ಮನುಷ್ಯನಲ್ಲದ ವಸ್ತುವಿಗೆ ಮನುಷ್ಯನ ಮನಸ್ಸನ್ನು ಆರೋಪಿಸುವ ಕ್ರಿಯೆಯೆಂದು ಗುರುತಿಸುತ್ತಾರೆ. 1944ರಲ್ಲಿ ಹೈಡರ್ ಮತ್ತು ಸಿಮೆಲ್ ಎಂಬ ಸಂಶೋಧಕರು ತ್ರಿಕೋನಗಳೂ ವೃತ್ತವೂ ಅತ್ತಿತ್ತ ಚಲಿಸುವ ಕಿರುಚಿತ್ರವನ್ನು ತೋರಿಸಿದಾಗ, ನೋಡಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಅದನ್ನು ಜಗಳ, ಭಯ, ರಕ್ಷಣೆಗಳ ಕಥೆಯಾಗಿಯೇ ವಿವರಿಸಿದರು. 2010ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಕಾರಿಗೇ ಸಂಬಂಧಿಸಿವೆ. ಯಾರ ಕಾರು ಯಾವಾಗ ಕೈಕೊಡುವುದೆಂದು ಹೇಳಬರದೋ ಅವರು ಅದಕ್ಕೆ ಮನಸ್ಸಿದೆಯೆಂದು ಹೆಚ್ಚಾಗಿ ಭಾವಿಸುತ್ತಾರೆಂದು ಒಂದು ಅಧ್ಯಯನ ತಿಳಿಸಿದರೆ, ಕಾರನ್ನು ಜೀವವಿರುವಂತೆ ಕಾಣುವವರು ಅದನ್ನು ಮಾರಿ ಬೇರೊಂದನ್ನು ಕೊಳ್ಳಲು ಹಿಂಜರಿಯುತ್ತಾರೆಂದು ಇನ್ನೊಂದು ತೋರಿಸಿತು. ಲಿಜ್ಜಿ, ಆಂಟಿ, ಬ್ಯಾಬ್ಸ್‌ಗಳ ಚರಿತ್ರೆ ಈ ತೀರ್ಮಾನಗಳಿಗೆ ಮೊದಲೇ ಒದಗಿದ ಸಾಕ್ಷಿಯಂತಿದೆ.

ಕರ್ನಾಟಕದಲ್ಲಿ ಈ ರೂಢಿ ಬೇರೊಂದು ಹಾದಿ ಹಿಡಿಯಿತು. ಕನ್ನಡದಲ್ಲಿ ಲಿಂಗವನ್ನು ನಿರ್ಣಯಿಸುವುದು ಅರ್ಥವಾದ್ದರಿಂದ ವಾಹನಗಳೆಲ್ಲ ನಪುಂಸಕಲಿಂಗಕ್ಕೆ ಸೇರುತ್ತವೆ; ಹಣೆಯ ಮೇಲೆ ಶ್ರೀ ದುರ್ಗಾಪರಮೇಶ್ವರಿ ಎಂದು ಬರೆಸಿಕೊಂಡ ಬಸ್ಸೂ ನಿಲ್ದಾಣಕ್ಕೆ 'ಬಂತು' ಎನಿಸಿಕೊಳ್ಳುತ್ತದೆಯೇ ಹೊರತು 'ಬಂದಳು' ಎನಿಸಿಕೊಳ್ಳುವುದಿಲ್ಲ. ಆದುದರಿಂದ ಇಲ್ಲಿ ವಾಹನದ ಹೆಸರು ಅದರ ಲಿಂಗವನ್ನು ಹೇಳದೆ, ಯಾರ ಆಶ್ರಯದಲ್ಲಿ ಅದು ಓಡುತ್ತಿದೆ ಎಂಬುದನ್ನು ಹೇಳುತ್ತದೆ: ಕುಲದೈವದ ಹೆಸರು, ತಂದೆತಾಯಿಯರ ಆಶೀರ್ವಾದ, ಸಾಲ ಮಾಡಿ ಲಾರಿ ಕೊಂಡವನ ಮಕ್ಕಳ ಹೆಸರು. ಮಹಾನವಮಿಯ ಆಯುಧಪೂಜೆಯಂದು ವಾಹನವನ್ನು ತೊಳೆದು, ಕುಂಕುಮವಿಟ್ಟು, ಬೂದುಗುಂಬಳ ಒಡೆದು, ಗಾಲಿಗಳಡಿಯಲ್ಲಿ ನಿಂಬೆಹಣ್ಣಿಟ್ಟು ಮುಂದಕ್ಕೆ ಚಲಿಸುವ ಆಚಾರ ಇದೇ ಅವಲಂಬನೆಯ ವಾರ್ಷಿಕ ಅಂಗೀಕಾರ. ರಾಜ್ಯ ರಸ್ತೆ ಸಾರಿಗೆ ನಿಗಮ ತನ್ನ ಬಸ್ಸುಗಳಿಗೆ ಇಟ್ಟ ರಾಜಹಂಸ, ಐರಾವತ, ಅಂಬಾರಿ, ಪಲ್ಲಕ್ಕಿ ಎಂಬ ಹೆಸರುಗಳನ್ನು ಗಮನಿಸಿದರೆ, ಅವುಗಳಲ್ಲಿ ಎರಡು ದೇವಲೋಕದ ವಾಹನಗಳ ಪರಂಪರೆಗೂ ಎರಡು ಅರಮನೆಯ ವಾಹನಗಳ ಪರಂಪರೆಗೂ ಸೇರಿವೆ. ಟಿಕೆಟ್ಟು ಕೊಂಡ ಸಾಮಾನ್ಯ ಪ್ರಯಾಣಿಕನಿಗೆ ಆ ಎರಡೂ ಪರಂಪರೆಗಳ ಗೌರವವನ್ನು ಒಪ್ಪಿಸುವ ಔದಾರ್ಯ ಈ ನಾಮಕರಣದಲ್ಲಿದೆ.

ಹೀಗಾಗಿ ವಾಹನಗಳ ಹೆಸರುಗಳನ್ನು ಮುದ್ದಿನ ಮಾತೆಂದು ತಳ್ಳಿಹಾಕದೆ ಸಾಮಾಜಿಕ ಚರಿತ್ರೆಯ ಆಕರಗಳೆಂದು ಸಂಗ್ರಹಿಸಬೇಕಾಗಿದೆ. ನೋಂದಣಿ ಪುಸ್ತಕ ಎಂಜಿನ್ನಿನ ಸಂಖ್ಯೆಯನ್ನೂ ಮಾಲೀಕನ ವಿಳಾಸವನ್ನೂ ತಿಳಿಸುತ್ತದೆ. ಆ ವಾಹನದಿಂದ ಯಾರ ಮನೆಯ ಒಲೆ ಉರಿಯಿತು, ಓಡಿಸುವವರು ಯಾರನ್ನು ನೆನೆದು ಘಾಟಿ ಇಳಿದರು ಎಂಬುದನ್ನು ಹೆಸರು ಮಾತ್ರ ತಿಳಿಸುತ್ತದೆ. ಲಾರಿ, ಬಸ್ಸು ಮತ್ತು ಮೀನುಗಾರಿಕೆಯ ದೋಣಿಗಳ ಮೇಲೆ ಕೈಬರಹದ ಕಲಾವಿದರು ಬರೆದ ಸಾವಿರಾರು ಹೆಸರುಗಳು ಹೊಸ ಬಣ್ಣ ಬಳಿದಾಗ ಮತ್ತು ಗುಜರಿ ಸೇರಿದಾಗ ದಾಖಲೆಯಿಲ್ಲದೆ ಅಳಿಯುತ್ತಿರುವುದರಿಂದ, ಶಾಸನಗಳಿಗೂ ವೀರಗಲ್ಲುಗಳಿಗೂ ತೋರಿದ ಶ್ರದ್ಧೆಯಲ್ಲಿ ಒಂದು ಪಾಲನ್ನಾದರೂ ಕನ್ನಡದ ಸಂಶೋಧಕರು ಈ ಹೆಸರುಗಳಿಗೆ ತೋರುವುದು ಅಗತ್ಯ. ದುಡಿಯುವ ಜನ ತಮ್ಮ ಬದುಕಿನ ಬಗ್ಗೆ ತಾವೇ ಬರೆಸಿಟ್ಟ ಮಾತುಗಳು ಬಹಳವಿಲ್ಲ. ವಾಹನದ ಹೆಸರು ಅಂಥ ಮಾತುಗಳಲ್ಲಿ ಒಂದು.