‘ಬಾಕಿ ಉಳಿದಿದೆ’, ‘ಬಾಕಿ ಉಳಿಸಿಕೊಂಡಿದ್ದೀರಿ’: ಕನ್ನಡ ವ್ಯಾಪಾರಿ ನೆನಪೋಲೆಯ ವಿನಯದ ಚರಿತ್ರೆ

1. ಪ್ರವೇಶ

ಸಣ್ಣ ಅಂಗಡಿಕಾರನೊಬ್ಬ ಉದ್ರಿ ಕೊಂಡ ಗಿರಾಕಿಗೆ ಹಣದ ನೆನಪು ಮಾಡಬೇಕಾಗಿದೆ ಎಂದಿಟ್ಟುಕೊಳ್ಳೋಣ. ಅವನ ಮುಂದೆ ಎರಡು ವಾಕ್ಯಗಳಿವೆ:

(1) ತಮ್ಮ ಲೆಕ್ಕದಲ್ಲಿ ₹ 2,400 ಬಾಕಿ ಉಳಿದಿದೆ.
(2) ತಾವು ₹ 2,400 ಬಾಕಿ ಉಳಿಸಿಕೊಂಡಿದ್ದೀರಿ.

ಎರಡೂ ಹೇಳುವ ಸಂಗತಿ ಒಂದೇ. ಎರಡರಲ್ಲೂ ಗೌರವದ ಸರ್ವನಾಮವಿದೆ. ಆದರೂ ಮೊದಲನೆಯದನ್ನು ಮತ್ತೆ ಅಂಗಡಿಗೆ ಬರಲೆಂದು ಬಯಸುವ ಗಿರಾಕಿಗೆ ಬರೆಯುತ್ತಾರೆ. ಎರಡನೆಯದನ್ನು ಆಸೆ ಬಿಟ್ಟ ಗಿರಾಕಿಗೆ ಬರೆಯುತ್ತಾರೆ. ಈ ಅಂತರವನ್ನು ಕನ್ನಡ ಬಲ್ಲ ಯಾರೂ ಕಲಿಯಬೇಕಿಲ್ಲ. ವಿವರಿಸಬೇಕಾದದ್ದು ಮಾತ್ರ ಉಂಟು. (2)ರಲ್ಲಿ ‘ಉಳಿ’ ಎಂಬ ಅಕರ್ಮಕ ಧಾತುವು ‘ಉಳಿಸು’ ಎಂಬ ಪ್ರೇರಣಾರ್ಥಕವಾಗಿದೆ. ಅದಕ್ಕೆ ‘ಕೊಳ್ಳು’ ಸೇರಿ, ಕ್ರಿಯೆಯ ಫಲ ಕರ್ತೃವಿಗೇ ಸಲ್ಲುತ್ತದೆಂಬ ಅರ್ಥ ಬಂದಿದೆ. ಗಿರಾಕಿ ವಾಕ್ಯದ ಕರ್ತೃವಾದ ಕೂಡಲೇ ಆರೋಪಿಯೂ ಆಗುತ್ತಾನೆ.

ಬ್ರೌನ್ ಮತ್ತು ಲೆವಿನ್‌ಸನ್ ಅವರು 1978ರಲ್ಲಿ ಮಂಡಿಸಿ 1987ರಲ್ಲಿ ಪುಸ್ತಕವಾಗಿ ಹೊರತಂದ ವಿನಯ ಸಿದ್ಧಾಂತವು ಕೇಳುಗನನ್ನೂ ಹೇಳುಗನನ್ನೂ ವಾಕ್ಯದಿಂದ ಮರೆಮಾಡುವುದನ್ನು ಒಂದು ತಂತ್ರವೆಂದು ಗುರುತಿಸುತ್ತದೆ. ಅವರು ಹೇಳುವ ‘ಮುಖ’ದ ಕಲ್ಪನೆಗೆ ಕನ್ನಡದ ‘ಮುಖಭಂಗ’ ಬಹಳ ಹತ್ತಿರದ್ದು. ಆದರೆ ಕನ್ನಡದ ವ್ಯಾಪಾರಿ ಬರವಣಿಗೆಯಲ್ಲಿ ಇದು ಕೇವಲ ತತ್ಕಾಲದ ತಂತ್ರವಲ್ಲ. ಲೆಕ್ಕದ ಪದಗಳ ಚರಿತ್ರೆಯಲ್ಲೇ ಹುದುಗಿರುವ ವ್ಯಾಕರಣ ಎಂಬುದು ನಮ್ಮ ವಾದ. ಈ ಲೇಖನದ ಉದಾಹರಣ ವಾಕ್ಯಗಳು ನಾವೇ ರಚಿಸಿದವು. ಅವುಗಳ ಕುರಿತ ತೀರ್ಮಾನಗಳು ಮಾತೃಭಾಷಿಕರಾದ ನಮ್ಮವು.

2. ಪದಗಳು ಗಡುಸಾದ ಬಗೆ

ಕನ್ನಡದ ಲೆಕ್ಕದ ಪದಕೋಶದ ದೊಡ್ಡ ಪಾಲು ಅರಬ್ಬಿ–ಪಾರಸಿ ಮೂಲದ್ದು. ಬಹುಮಟ್ಟಿಗೆ ಅದು ದಖನ್ನಿನ ಆಡಳಿತದ ಭಾಷೆ ಹಾಗೂ ಮರಾಠಿಯ ಮೂಲಕ ಬಂದದ್ದು: ಜಮಾ, ಖರ್ಚು, ಬಾಕಿ, ವಸೂಲಿ, ತಗಾದೆ. ಇವುಗಳಲ್ಲಿ ಕೊನೆಯ ಮೂರರ ಗತಿಯನ್ನು ಹೋಲಿಸುವುದು ಉಪಯುಕ್ತ.

‘ತಗಾದೆ’ಯ ಹಿಂದಿರುವುದು ಕೇಳಿಕೆ, ಒತ್ತಾಯ ಎಂಬರ್ಥದ ‘ತಕಾಜಾ’. ಮರಾಠಿಯ ‘ತಗಾದಾ’ ಇಂದಿಗೂ ಹಣಕ್ಕಾಗಿ ಬೆನ್ನುಹತ್ತುವುದನ್ನೇ ಸೂಚಿಸುತ್ತದೆ. ಕನ್ನಡದಲ್ಲಿ ಮಾತ್ರ ‘ತಗಾದೆ ತೆಗೆದರು’ ಎಂದರೆ ಈಗ ಮೊದಲು ಹೊಳೆಯುವುದು ಜಗಳ, ತಕರಾರು. ಕೊಟ್ಟ ಹಣವನ್ನು ಕೇಳುವ ಕ್ರಿಯೆಯ ಹೆಸರೇ ಜಗಳದ ಹೆಸರಾಯಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂಬ ಗಾದೆ ಹುಟ್ಟಿದ ಸಮಾಜದಲ್ಲಿ ಈ ಅರ್ಥಾಂತರ ಅಚ್ಚರಿಯದಲ್ಲ.

‘ವಸೂಲಿ’ಯ ಕಥೆ ಇನ್ನೂ ಸ್ವಾರಸ್ಯಕರ. ಅದರ ಅರಬ್ಬಿ ಮೂಲದ ಅರ್ಥ ‘ಬಂದು ಸೇರುವುದು’. ಅಲ್ಲಿ ಒತ್ತಾಯದ ಸುಳಿವೂ ಇಲ್ಲ. ಇಂದು ಆ ಪದವನ್ನು ಗಿರಾಕಿಗೆ ಬರೆಯುವ ಕಾಗದದಲ್ಲಿ ಯಾವ ವ್ಯಾಪಾರಿಯೂ ಸಲೀಸಾಗಿ ಬಳಸಲಾರ. ‘ಬಾಕಿ’ಯಾದರೋ ‘ಉಳಿದದ್ದು’ ಎಂಬ ಮೂಲಾರ್ಥವನ್ನೂ ತನ್ನ ತಟಸ್ಥತೆಯನ್ನೂ ಕಾಪಾಡಿಕೊಂಡಿದೆ.

ಮೂರೂ ಒಂದೇ ದಾರಿಯಲ್ಲಿ ಬಂದ ಪದಗಳು. ಗತಿ ಏಕೆ ಬೇರೆಯಾಯಿತು? ಅವು ಕೂಡಿಕೊಂಡ ಕ್ರಿಯಾಪದಗಳಲ್ಲಿ ಉತ್ತರವಿದೆಯೆಂದು ನಾವು ಭಾವಿಸುತ್ತೇವೆ. ‘ತಗಾದೆ’ ಸೇರಿದ್ದು ‘ಮಾಡು’, ‘ತೆಗೆ’ಗಳನ್ನು, ‘ವಸೂಲಿ’ ಸೇರಿದ್ದು ‘ಮಾಡು’ವನ್ನು. ಎರಡರಲ್ಲೂ ಒಬ್ಬ ಕರ್ತೃ ಇನ್ನೊಬ್ಬನ ಮೇಲೆ ಏನನ್ನೋ ನಡೆಸುತ್ತಾನೆ. ‘ಬಾಕಿ’ ಸೇರಿದ್ದು ‘ಇರು’, ‘ಉಳಿ’, ‘ಬೀಳು’ಗಳನ್ನು. ‘ವಸೂಲಾಯಿತು’ ಎಂಬ ಅಕರ್ಮಕ ರೂಪ ‘ವಸೂಲಿ ಮಾಡಿದರು’ ಎಂಬುದಕ್ಕಿಂತ ಇಂದಿಗೂ ಮೃದುವಾಗಿರುವುದು ಈ ಊಹೆಯನ್ನು ಬೆಂಬಲಿಸುತ್ತದೆ. ‘ಮಾಡು’ವೇ ಕಾರಣವಲ್ಲವೆಂಬುದನ್ನೂ ಗಮನಿಸಬೇಕು: ‘ವಿನಂತಿ ಮಾಡು’ವಿನಲ್ಲಿ ಕರ್ತೃ ತನ್ನನ್ನು ತಗ್ಗಿಸಿಕೊಳ್ಳುತ್ತಾನೆ, ಎದುರಿಗನ ಮೇಲೆ ಕೈ ಮಾಡುವುದಿಲ್ಲ.

ಹಳೆಯ ಲೆಕ್ಕದ ಭಾಷೆಯ ‘ಬರತಕ್ಕದ್ದು’, ‘ಬರಬೇಕಾದ ಬಾಬ್ತು’ ಎಂಬ ಪ್ರಯೋಗಗಳು ಇದೇ ವ್ಯಾಕರಣದವು. ಅಲ್ಲಿ ಗಿರಾಕಿ ಕೊಡುವುದಿಲ್ಲ, ವ್ಯಾಪಾರಿ ಪಡೆಯುವುದಿಲ್ಲ. ಹಣ ತಾನಾಗಿ ಬರುತ್ತದೆ. ದೀಪಾವಳಿಯ ಪಾಡ್ಯದಂದು ಹೊಸ ಖಾತೆ ಪುಸ್ತಕವನ್ನು ಪೂಜಿಸುವ ಉತ್ತರ ಕರ್ನಾಟಕದ ಅಂಗಡಿಗಳಲ್ಲಿ ‘ಹಬ್ಬದೊಳಗೆ ಲೆಕ್ಕ ಚುಕ್ತಾ ಆಗಬೇಕು’ ಎನ್ನುವಾಗಲೂ ಕೇಳುವವನು ವ್ಯಾಪಾರಿಯಲ್ಲ, ಪಂಚಾಂಗ.

3. ಪತ್ರದ ಚೌಕಟ್ಟು

ವಾಕ್ಯದೊಳಗಿನ ಈ ಮರೆಗೆ ಪತ್ರವು ಹೊರಗಿನ ಚೌಕಟ್ಟೊಂದನ್ನು ಕೊಟ್ಟಿತು. ಸಾಂಪ್ರದಾಯಿಕ ಕಾಗದದ ‘ಉಭಯ ಕುಶಲೋಪರಿ ಸಾಂಪ್ರತ’ ಎಂಬ ಸೂತ್ರವನ್ನು ನಾವು ಸಾಮಾನ್ಯವಾಗಿ ಅಲಂಕಾರವೆಂದು ಬದಿಗಿಡುತ್ತೇವೆ. ವಾಸ್ತವವಾಗಿ ಅದು ಸಂಕಥನದ ಗಡಿಗಲ್ಲು. ಎರಡೂ ಕಡೆಯ ಕ್ಷೇಮದ ಬಳಿಕ ಈಗಿನ ವಿಷಯ ಎಂದು ಸಾರಿ, ಸಂಬಂಧವನ್ನು ಮೊದಲು ಸ್ಥಾಪಿಸಿ, ಆಮೇಲೆ ವ್ಯವಹಾರವನ್ನು ಅದರ ಕೆಳಗೆ ಇಡುತ್ತದೆ. ಹಣದ ಮಾತು ಪತ್ರದ ಮೊದಲ ಮಾತಾಗದಂತೆ ಅದು ನೋಡಿಕೊಳ್ಳುತ್ತಿತ್ತು.

‘ತಾವು’ ಕೂಡ ಇದೇ ಕೆಲಸ ಮಾಡುತ್ತದೆ. ಮೂಲತಃ ಅದು ಪ್ರಥಮ ಪುರುಷದ ಆತ್ಮಾರ್ಥಕ ಸರ್ವನಾಮ. ಅದನ್ನು ಎದುರಿಗಿರುವವರಿಗೆ ಬಳಸುವಾಗ ಅವರನ್ನು ನೇರ ಸಂಬೋಧನೆಯ ನೆಲದಿಂದ ಒಂದು ಹೆಜ್ಜೆ ಆಚೆ ನಿಲ್ಲಿಸಿದಂತಾಗುತ್ತದೆ. ‘ಕಳುಹಿಸಿ’ ಎಂಬ ವಿಧಿರೂಪದ ಬದಲು ‘ಕಳುಹಿಸಿಕೊಡಬೇಕಾಗಿ ವಿನಂತಿ’ ಎಂದಾಗ ವಾಕ್ಯವು ನಾಮಪದದಲ್ಲಿ ಮುಗಿಯುತ್ತದೆ, ವಿನಂತಿಸುವವನೂ ಕಾಣೆಯಾಗುತ್ತಾನೆ.

ಬ್ರಿಟಿಷ್ ಭಾರತದ ಅಂಚೆ ಇಲಾಖೆ 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡನ್ನು ಚಾಲ್ತಿಗೆ ತಂದಿತು. 1889ರಲ್ಲಿ ಮೈಸೂರು ಸಂಸ್ಥಾನದ ಅಂಚೆಯೂ ಅದೇ ಇಲಾಖೆಯಲ್ಲಿ ವಿಲೀನವಾಯಿತು. ಸಣ್ಣ ವ್ಯಾಪಾರಿಗೆ ಅಗ್ಗದ ನೆನಪೋಲೆ ದೊರೆಯಿತು. ಜತೆಗೆ ತೊಡಕೂ ಬಂತು. ಕಾರ್ಡು ತೆರೆದ ಕಾಗದ. ಅಂಚೆಯವನಿಂದ ಹಿಡಿದು ಮನೆಯ ಮಕ್ಕಳವರೆಗೆ ಯಾರಾದರೂ ಓದಬಹುದು. ಈ ಆತಂಕ ಕನ್ನಡ ನಾಡಿಗೆ ಸೀಮಿತವಲ್ಲ: ಅಮೆರಿಕದಲ್ಲಿ ಸಾಲ ವಸೂಲಿಯ ಕ್ರಮಗಳ ಬಗೆಗೆ 1977ರಲ್ಲಿ ಬಂದ ಕಾಯಿದೆಯು ವಸೂಲಿಗಾರರು ಸಾಲದ ವಿಷಯವನ್ನು ಪೋಸ್ಟ್ ಕಾರ್ಡಿನಲ್ಲಿ ಬರೆಯುವುದನ್ನೇ ನಿಷೇಧಿಸಿತು. ಕನ್ನಡದಲ್ಲಿ ಆ ಹೊರೆಯನ್ನು ಹೊರಲು ‘ನಮ್ಮ ಲೆಕ್ಕದ ವಿಷಯ’ದಂಥ ಮುಸುಕಿದ ನುಡಿಗಳಿವೆ. ಅದು ಗಿರಾಕಿಗೆ ಅರ್ಥವಾಗುತ್ತದೆ, ಅಂಚೆಯವನಿಗೆ ಆಗಬೇಕಿಲ್ಲ.

ಇನ್ನೊಂದು ಒತ್ತಡ ಕಾನೂನಿನದು. 1963ರ ಕಾಲಮಿತಿ ಅಧಿನಿಯಮದಂತೆ ಮಾರಿದ ಸರಕಿನ ಹಣಕ್ಕೆ ದಾವೆ ಹೂಡಲು ಮೂರು ವರ್ಷಗಳ ಅವಧಿಯಿದೆ. ಆ ಅವಧಿಯೊಳಗೆ ಸಾಲಗಾರನು ಸಹಿ ಮಾಡಿ ಬರಹದಲ್ಲಿ ಬಾಕಿಯನ್ನು ಒಪ್ಪಿಕೊಂಡರೆ ಅವಧಿ ಹೊಸದಾಗಿ ಶುರುವಾಗುತ್ತದೆ. ವ್ಯಾಪಾರಿ ಎಷ್ಟು ನೆನಪೋಲೆ ಬರೆದರೂ ಅವಧಿ ಬೆಳೆಯದು. ಗಿರಾಕಿಯ ಉತ್ತರ ಬೇಕು. ‘ಲೆಕ್ಕ ಸರಿಯಿದೆಯೇ ನೋಡಿ ತಿಳಿಸಬೇಕಾಗಿ ವಿನಂತಿ’ ಎಂಬ ವಾಕ್ಯ ಇಲ್ಲಿ ಎರಡು ಕೆಲಸ ಮಾಡಬಲ್ಲದು. ಅದು ಹಣ ಕೇಳುವುದಿಲ್ಲ, ತಪ್ಪು ವ್ಯಾಪಾರಿಯದೇ ಇರಬಹುದೆಂದು ಜಾಗ ಬಿಡುತ್ತದೆ. ಅದೇ ಹೊತ್ತಿಗೆ ಒಪ್ಪಿಗೆಯ ಬರಹವನ್ನೂ ಬರಮಾಡಿಕೊಳ್ಳಬಲ್ಲದು. ವಿನಯವೂ ವಿವೇಕವೂ ಇಲ್ಲಿ ಒಂದೇ ವಾಕ್ಯದಲ್ಲಿ ಕೂಡುತ್ತವೆ.

4. ಖಾಲಿ ಗೆರೆಯಿಂದ ಸಿದ್ಧ ಸಂದೇಶಕ್ಕೆ

2018ರಲ್ಲಿ ಸಣ್ಣ ವ್ಯಾಪಾರಿಗಳಿಗೆಂದೇ ರೂಪಿಸಿದ ವಾಟ್ಸ್ಆ್ಯಪ್ ಬಿಸಿನೆಸ್ ಭಾರತಕ್ಕೆ ಬಂದಿತು. ವಾಣಿಜ್ಯ ಎಸ್ಸೆಮ್ಮೆಸ್‌ಗಳ ಮಾದರಿಯನ್ನು ಮೊದಲೇ ನೋಂದಾಯಿಸಬೇಕೆಂಬ ವ್ಯವಸ್ಥೆಯೂ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಅದೇ ವರ್ಷದ ನಿಯಮಾವಳಿಯಿಂದ ಬಂದದ್ದು. ನೆನಪೋಲೆ ಈಗ ಬರೆಯುವಂಥದ್ದಲ್ಲ, ತುಂಬುವಂಥದ್ದು.

ತುಂಬುವ ಸಮಸ್ಯೆ ಕನ್ನಡಕ್ಕೆ ಹೊಸದೇನಲ್ಲ. ಹೆಸರಿಗೆ ವಿಭಕ್ತಿ ನೇರವಾಗಿ ಅಂಟುವ ಭಾಷೆಯಲ್ಲಿ ಖಾಲಿ ಜಾಗದ ಮುಂದೆ ಯಾವ ಪ್ರತ್ಯಯವನ್ನು ಮುದ್ರಿಸುವುದು? ಲಕ್ಷ್ಮಮ್ಮನವರಿಗೆ ನಕಾರ ಬೇಕು, ಕೃಷ್ಣಮೂರ್ತಿಯವರಿಗೆ ಯಕಾರ ಬೇಕು. ಅಚ್ಚಿನ ನಮೂನೆಗಳು ಖಾಲಿ ಗೆರೆಯ ಪಕ್ಕದಲ್ಲಿ ‘ರವರಿಗೆ’ ಎಂದು ಹಾಕಿ ಪಾರಾದವು. ಶುದ್ಧಿವಾದಿಗಳು ಹಳಿದ ಆ ರೂಪವು ಒಂದು ಬಗೆಯಲ್ಲಿ ಅಚ್ಚುಕೂಟದ ವ್ಯಾಕರಣ. ಇಂದಿನ ಯಂತ್ರವು ಸಂಧಿಯನ್ನು ಕೈಬಿಟ್ಟು ‘ಲಕ್ಷ್ಮಮ್ಮ ಅವರಿಗೆ’ ಎನ್ನುತ್ತದೆ. ಎರಡರಲ್ಲೂ ವಿಭಕ್ತಿಯನ್ನು ಹೊತ್ತು ನಡೆಯುವುದು ಗೌರವವಾಚಕವೇ. ಇಲ್ಲಿ ವಿನಯವು ಐಚ್ಛಿಕವಾಗಿ ಉಳಿದಿಲ್ಲ, ವ್ಯಾಕರಣದ ಅಗತ್ಯವಾಗಿದೆ. ಆದ್ದರಿಂದಲೇ ಅದರ ಬೆಲೆಯೂ ಇಳಿದಿದೆ.

ನಮ್ಮ ಕಳವಳ ಸಂಬೋಧನೆಯ ಕುರಿತಲ್ಲ, ಕ್ರಿಯಾಪದದ ಕುರಿತು. ಇಂಗ್ಲಿಷಿನ ಸಿದ್ಧ ಮಾದರಿಯು ಗಿರಾಕಿಯನ್ನು ಕರ್ತೃಸ್ಥಾನದಲ್ಲಿರಿಸಿ ಬಾಕಿಯನ್ನು ಅವನ ಸ್ವತ್ತೆಂಬಂತೆ ಹೇಳುತ್ತದೆ. ಆ ಭಾಷೆಯಲ್ಲಿ ಅದು ಒರಟಲ್ಲ. ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದಾಗ (3) ದೊರೆಯುತ್ತದೆ:

(3) ಪ್ರಿಯ ಗ್ರಾಹಕರೇ, ನೀವು ₹ 2,400 ಬಾಕಿ ಹೊಂದಿದ್ದೀರಿ. ದಯವಿಟ್ಟು ತಕ್ಷಣ ಪಾವತಿಸಿ.

‘ಪ್ರಿಯ’, ‘ದಯವಿಟ್ಟು’ ಎರಡೂ ಇವೆ. ಆದರೂ ಇದು ಚುಚ್ಚುತ್ತದೆ. ವಿನಯದ ಪದಗಳು ಉಳಿದು ವಿನಯದ ವಾಕ್ಯರಚನೆ ಹೋಗಿದೆ. ಪಕ್ಕದ ಬೀದಿಯ ದರ್ಜಿಯೋ ಹಾಲಿನವರೋ ಇದನ್ನು ಕಳುಹಿಸಿದಾಗ ಓದುವವರಿಗೆ ಪರಿಚಿತ ಮುಖದ ಬದಲು ಬ್ಯಾಂಕು ಕಾಣಿಸುತ್ತದೆ. ವ್ಯಾಪಾರಿಯ ಮನಸ್ಸಿನಲ್ಲಿ ಆ ಉದ್ದೇಶವಿರಲಿಲ್ಲ. ಮಾದರಿ ಅವನ ಪರವಾಗಿ ಮಾತಾಡಿತು. ‘ಲಕ್ಷ್ಮಮ್ಮ ಅವರಿಗೆ ನಮಸ್ಕಾರ. ಹಿಂದಿನ ತಿಂಗಳ ಲೆಕ್ಕದಲ್ಲಿ ₹ 2,400 ಬರುವುದು ಉಳಿದಿದೆ. ಅನುಕೂಲ ನೋಡಿ ಕಳುಹಿಸಿಕೊಡಬೇಕಾಗಿ ವಿನಂತಿ’ ಎಂಬುದನ್ನೂ ಅದೇ ಯಂತ್ರ ಅಷ್ಟೇ ಸುಲಭವಾಗಿ ಕಳುಹಿಸಬಲ್ಲದು. ಕೊರತೆ ಯಂತ್ರದ್ದಲ್ಲ, ಅದಕ್ಕೆ ಕನ್ನಡವನ್ನು ಕೊಟ್ಟವರದು.

ಈ ಚರಿತ್ರೆಯ ಆಕರಗಳು ಗ್ರಂಥಭಂಡಾರಗಳಲ್ಲಿ ಅಪರೂಪ. ಅಂಗಡಿಯ ಅಟ್ಟದ ಮೇಲಿನ ಖಾತೆ ಪುಸ್ತಕಗಳು, ತಂತಿಗೆ ಪೋಣಿಸಿಟ್ಟ ಕಾರ್ಡುಗಳು ಅಂಗಡಿ ಕೈಬದಲಾದಾಗ ರದ್ದಿಗೆ ಹೋಗುತ್ತವೆ. ಕಾವ್ಯ ಮತ್ತು ಶಾಸನಗಳ ಕನ್ನಡಕ್ಕೆ ನಾವು ಕೊಟ್ಟ ಗಮನದ ಒಂದು ಪಾಲು ಈ ಕಾಗದಗಳಿಗೂ ಸಲ್ಲಬೇಕು. ನೋಯಿಸದೆ ಹಣ ಕೇಳುವುದು ಹೇಗೆಂಬುದನ್ನು ಈ ಭಾಷೆ ಎಲ್ಲಿ ಅಭ್ಯಾಸ ಮಾಡಿತೋ ಅದರ ದಾಖಲೆ ಅಲ್ಲಿದೆ. ಸಿದ್ಧ ಸಂದೇಶಗಳನ್ನು ತಿದ್ದಲು ಬೇಕಾದ ವಾಕ್ಯಗಳೂ ಅಲ್ಲಿಯೇ ಸಿಕ್ಕಾವು.