ನೆಲದಡಿಯ ದಾರಿ, ಕಂಬದ ಮೇಲಿನ ದಾರಿ

ನಿಮ್ಮ ಬೀದಿಯ ಕರೆಂಟ್ ಕಂಬವನ್ನು ಒಮ್ಮೆ ತಲೆಯೆತ್ತಿ ನೋಡಿ. ಮೇಲೆ ವಿದ್ಯುತ್ ತಂತಿಗಳಿವೆ. ಅವುಗಳಿಗಿಂತ ಕೆಳಗೆ ಕಿರುಬೆರಳಿಗಿಂತ ದಪ್ಪವಿಲ್ಲದ ಒಂದು ಕಪ್ಪು ಕೇಬಲ್ ಕಂಬದಿಂದ ಕಂಬಕ್ಕೆ ಹೋಗಿರುತ್ತದೆ. ಅಲ್ಲೊಂದು ಇಲ್ಲೊಂದು ಕಂಬದಲ್ಲಿ ಅದೇ ಕೇಬಲ್ಲನ್ನು ಹಗ್ಗದ ಸಿಂಬೆಯಂತೆ ಸುತ್ತಿ ತೂಗುಹಾಕಿರುತ್ತಾರೆ. ಇನ್ನು ರಸ್ತೆಯ ಅಂಚಿನಲ್ಲಿ ನಡೆಯುವಾಗ ಮೊಣಕಾಲೆತ್ತರದ ಗುರುತಿನ ಕಲ್ಲುಗಳು ಕಾಣುತ್ತವೆ. ಅವುಗಳ ಕೆಳಗೆ ಮಣ್ಣಿನೊಳಗೆ ಕೊಳವೆ ಇದೆ, ಕೊಳವೆಯೊಳಗೆ ಕೇಬಲ್ ಇದೆ. ಹೀಗೆ ನಮ್ಮ ಮಾತು, ಚಿತ್ರ, ಬ್ಯಾಂಕಿನ ಲೆಕ್ಕ ಎಲ್ಲಕ್ಕೂ ಎರಡು ದಾರಿಗಳು: ಒಂದು ನೆಲದಡಿಯದು, ಇನ್ನೊಂದು ಕಂಬದ ಮೇಲಿನದು. ಈ ಎರಡು ದಾರಿಗಳು ಹೇಗೆ ಬಂದವು, ಗಡಿಯಲ್ಲಿ ಕುಳಿತ ನಮಗೆ ಇವುಗಳಿಂದ ಏನಾಗಿದೆ, ಏನಾಗಬೇಕು ಎಂಬುದನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಇದು ನಿನ್ನೆ ಮೊನ್ನೆಯ ಪ್ರಶ್ನೆಯೆಂದು ತಿಳಿಯಬೇಡಿ. ಭಾರತದಲ್ಲಿ ಮೊದಲ ತಂತಿ ಮಾರ್ಗ 1851ರಲ್ಲಿ ಕಲ್ಕತ್ತಾದಿಂದ ಡೈಮಂಡ್ ಹಾರ್ಬರ್‌ಗೆ ಬಿತ್ತು. ಅದನ್ನು ಹಾಕಿದವರು ವಿಲಿಯಂ ಓಶಾನೆಸ್ಸಿ ಎಂಬ ವೈದ್ಯರು. ಅವರು ಒಂದಷ್ಟು ದೂರ ನೆಲದಡಿಯಲ್ಲಿಯೂ ಒಂದಷ್ಟು ದೂರ ಬಿದಿರಿನ ಕಂಬಗಳ ಮೇಲೂ ಮಾರ್ಗವನ್ನು ಒಯ್ದರು. ನೆಲದಡಿಯ ಭಾಗಕ್ಕೆ ಅವರು ಬಳಸಿದ ಸಾಮಗ್ರಿ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಕಬ್ಬಿಣದ ಸರಳಿಗೆ ಡಾಂಬರಿನಂಥ ಅಂಟಿನಲ್ಲಿ ನೆನೆಸಿದ ಮದರಾಸಿನ ಬಟ್ಟೆಯನ್ನು ಸುತ್ತಿ, ಮನೆಗೆ ಹೊದಿಸುವ ಹಂಚುಗಳನ್ನು ಸಾಲಾಗಿಟ್ಟು, ಅದರಲ್ಲಿ ಮರಳು ಮತ್ತು ರಾಳದ ಮಿಶ್ರಣ ಸುರಿದು, ಸರಳನ್ನು ಅದರೊಳಗೆ ಮಲಗಿಸಿದರು. ನಮ್ಮ ದೇಶದ ಮೊದಲ ಕೇಬಲ್ ಕೊಳವೆ ಎಂದರೆ ಆ ಹಂಚಿನ ಸಾಲೇ.

ಆದರೆ ಸಾವಿರಾರು ಮೈಲಿ ಹೀಗೆ ಅಗೆದು ಹೂಳುವುದು ಆಗುವ ಮಾತಲ್ಲ. 1853ರಲ್ಲಿ ದೊಡ್ಡ ಮಾರ್ಗಗಳ ಕೆಲಸ ಶುರುವಾದಾಗ ಅವರು ಕಂಬವನ್ನೇ ನೆಚ್ಚಿದರು. ಕೋತಿ ಜೋತುಬಿದ್ದರೂ, ಹಕ್ಕಿಗಳು ಗುಂಪಾಗಿ ಕುಳಿತರೂ ತುಂಡಾಗದಂತೆ ದಪ್ಪ ಸರಳನ್ನು ಎಳೆದರು. ಕಲ್ಕತ್ತಾ, ಆಗ್ರಾ, ಮುಂಬಯಿ, ಮದರಾಸುಗಳು ಜೋಡಿಯಾದವು. 1855ರಲ್ಲಿ ಜನಸಾಮಾನ್ಯರೂ ತಂತಿ ಕಳಿಸುವಂತಾಯಿತು. ಮುಂಬಯಿಯಿಂದ ಮದರಾಸಿಗೆ ಹೋದ ಮಾರ್ಗ ಬಳ್ಳಾರಿ, ಬೆಂಗಳೂರುಗಳನ್ನು ಹಾಯ್ದು ಹೋಯಿತು. ದಕ್ಷಿಣದಲ್ಲಿ ಕಲ್ಲು ಸಿಗುವ ಕಡೆ ಕಲ್ಲಿನ ಕಂಬಗಳನ್ನೇ ನಿಲ್ಲಿಸಿದರು. ಹೇಮಾವತಿಯ ಕಲ್ಲುಗಳ ಮೇಲೆ ನೊಳಂಬರು ಕನ್ನಡದಲ್ಲಿ ಬರೆಸಿದ ಶಾಸನಗಳನ್ನು ನೋಡಿ ಬೆಳೆದ ನಮಗೆ ಕಲ್ಲು ಸುದ್ದಿ ಹೊರುವುದು ಹೊಸದೇನಲ್ಲ. ಆ ತಂತಿ ಸೇವೆ ಒಂದೂವರೆ ಶತಮಾನ ಬಾಳಿ 2013ರ ಜುಲೈ 15ರಿಂದ ನಿಂತುಹೋಯಿತು.

ಕಂಬ ನೆಡಲು, ಗುಂಡಿ ತೆಗೆಯಲು ಜಾಗ ಯಾರದು ಎಂಬ ಪ್ರಶ್ನೆಯೂ ಆಗಲೇ ಎದ್ದಿತ್ತು. 1885ರ ಭಾರತೀಯ ತಂತಿ ಕಾಯಿದೆ ಅದಕ್ಕೆ ಉತ್ತರ ಹೇಳಿತು. ತಂತಿ ಇಲಾಖೆಯವರು ಯಾವ ಜಮೀನಿನ ಮೇಲೆ, ಕೆಳಗೆ, ಅಡ್ಡಲಾಗಿ ಬೇಕಾದರೂ ಮಾರ್ಗ ಒಯ್ಯಬಹುದು. ಆದರೆ ಅವರಿಗೆ ಸಿಗುವುದು ಬಳಸುವ ಹಕ್ಕು ಮಾತ್ರ, ಒಡೆತನವಲ್ಲ. ಆದಷ್ಟು ಕಡಿಮೆ ಹಾನಿ ಮಾಡಬೇಕು. ಆದ ಹಾನಿಗೆ ಪರಿಹಾರ ಕೊಡಬೇಕು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಗಡಿಯ ಕಡೆಗೆ ಬರೋಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆ ಒಡೆದು ಬಹುಭಾಗ ಮೈಸೂರಿಗೆ ಹೋಯಿತು. ರಾಯದುರ್ಗ ತಾಲೂಕು ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಮೊದಲಿನಿಂದಲೂ ಅನಂತಪುರದ್ದೇ. 2022ರ ಏಪ್ರಿಲ್‌ನಿಂದ ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಜಿಲ್ಲೆಯ ಹೆಸರು ಬದಲಾದರೂ ನಮ್ಮ ಹೆಣ್ಣು ತರುವ ಊರು, ಗಂಡು ನೋಡುವ ಊರು, ಅಡಿಕೆ ಮಾರುವ ಪೇಟೆ ಬದಲಾಗಲಿಲ್ಲ. ಶಿರಾ, ಪಾವಗಡ, ಹಿರಿಯೂರು ಕಡೆಯ ನಂಟು ಹಾಗೆಯೇ ಇದೆ. ಆದರೆ ಕಂಬಗಳು ಮಾತ್ರ ರಾಜ್ಯದ ಗಡಿಯನ್ನು ಚೆನ್ನಾಗಿ ಬಲ್ಲವು! ದೂರವಾಣಿ ಇಲಾಖೆ ರಾಜ್ಯಕ್ಕೊಂದು ವಲಯ ಮಾಡಿಕೊಂಡಿತ್ತು. ಬಸ್ಸಿನಲ್ಲಿ ಬೇಗನೆ ಹೋಗಿಬರಬಹುದಾದ ಊರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕೂತದ್ದನ್ನು ನನ್ನ ವಯಸ್ಸಿನವರು ಮರೆತಿರಲಾರರು.

ಹಳ್ಳಿಗೆ ದೂರವಾಣಿ ಬರಲು ದೊಡ್ಡ ಕಾರಣವಾದದ್ದು 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ. ಅದು ತಯಾರಿಸಿದ 128 ಲೈನುಗಳ ಗ್ರಾಮೀಣ ವಿನಿಮಯ ಕೇಂದ್ರ ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ನಮ್ಮ ಕನ್ನಡ ನಾಡಿನ ಕಿತ್ತೂರಿನಲ್ಲಿ. ತಣ್ಣನೆಯ ಕೋಣೆ ಬೇಡದ, ಧೂಳು ಬಿಸಿಲು ತಡೆಯುವ ಯಂತ್ರವದು. ಆಮೇಲೆ ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತುಗಳು ಸಂತೆಬೀದಿಗಳಿಗೂ ಬಂದವು. ಆದರೆ ಆಗಿನ ಲೈನೆಲ್ಲ ತಾಮ್ರದ್ದು. ಮಳೆ ಬಂದರೆ ಗೊರಗೊರ ಸದ್ದು, ಕಳ್ಳರಿಗೆ ತಾಮ್ರದ ಆಸೆ.

ತಾಮ್ರವನ್ನು ಬದಿಗೆ ಸರಿಸಿದ್ದು ಗಾಜು. 1966ರಲ್ಲಿ ಚಾರ್ಲ್ಸ್ ಕಾವ್ ಎಂಬ ವಿಜ್ಞಾನಿ, ಗಾಜನ್ನು ಸಾಕಷ್ಟು ಶುದ್ಧ ಮಾಡಿದರೆ ಅದರ ಎಳೆಯೊಳಗೆ ಬೆಳಕನ್ನು ಬಹುದೂರ ಕಳಿಸಬಹುದೆಂದು ತೋರಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅಂಥ ಎಳೆಯನ್ನು ಮಾಡಿಯೇಬಿಟ್ಟಿತು. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಹುಮಾನ ಬಂತು. ಈ ಎಳೆ ತಲೆಗೂದಲಿನಷ್ಟು ಸಣ್ಣದು, ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಅದರಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ತುಕ್ಕಿಲ್ಲ, ಸಿಡಿಲಿನ ವಿದ್ಯುತ್ತನ್ನು ಎಳೆಯುವುದಿಲ್ಲ, ಕದ್ದರೆ ಗುಜರಿಯವನೂ ಕೊಳ್ಳುವುದಿಲ್ಲ. ಒಂದೇ ದೋಷ: ಬಾಗಿಸಬಾರದಷ್ಟು ಬಾಗಿಸಿದರೆ ಬೆಳಕು ಸೋರುತ್ತದೆ, ತುಂಡಾದರೆ ಗಂಟು ಹಾಕಲಾಗದು. ಯಂತ್ರದಲ್ಲಿಟ್ಟು ಎರಡು ತುದಿಗಳನ್ನು ಕರಗಿಸಿ ಬೆಸೆಯಬೇಕು.

ನೆಲದಡಿಯ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಿ. ಸುಮಾರು 165 ಸೆಂಟಿಮೀಟರ್, ಅಂದರೆ ಐದೂವರೆ ಅಡಿಯ ಹತ್ತಿರ ಆಳಕ್ಕೆ ಕಾಲುವೆ ತೋಡುತ್ತಾರೆ. ಅದರಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ, 40 ಮಿಲಿಮೀಟರ್ ದಪ್ಪದ ಕೊಳವೆ ಬಿಡಿಸುತ್ತಾರೆ. ಒಳಮೈ ನುಣುಪಾಗಿರುತ್ತದೆ. ಮಣ್ಣು ಮುಚ್ಚಿದ ಮೇಲೆ ಕಂಪ್ರೆಸರ್ ಗಾಳಿಯ ಬಲದಿಂದ ಕೇಬಲ್ಲನ್ನು ಕೊಳವೆಯೊಳಗೆ ಊದಿ ತಳ್ಳುತ್ತಾರೆ. ರಸ್ತೆ ಅಡ್ಡ ಬಂದರೆ ಡಾಂಬರು ಕೀಳದೆ ಕೆಳಗಿಂದಲೇ ಅಡ್ಡ ಕೊರೆಯುವ ಯಂತ್ರವಿದೆ. ಬಂಡೆ ಬಂದರೆ ಅಷ್ಟು ಆಳ ಹೋಗಲಾಗದು; ಆಗ ಕಬ್ಬಿಣದ ಕೊಳವೆ ಹಾಕಿ, ಮೇಲೆ ಕಾಂಕ್ರೀಟು ಸುರಿಯಬೇಕು. ನಮ್ಮದು ಗರಸು ನೆಲ, ಎರಡಡಿ ಹೋದರೆ ಹುಟ್ಟುಬಂಡೆ. ಬಾವಿ ತೋಡಿಸಿದವರಿಗೆ ಅದರ ಖರ್ಚು ಗೊತ್ತು.

ಕೇಂದ್ರ ಸರ್ಕಾರ 2011ರ ಅಕ್ಟೋಬರ್‌ನಲ್ಲಿ ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಈ ಗಾಜಿನ ಎಳೆ ಮುಟ್ಟಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೊದಲ ಪ್ರಯೋಗ ನಡೆದ ಮೂರು ಬ್ಲಾಕುಗಳಲ್ಲಿ ಒಂದು ವಿಶಾಖಪಟ್ಟಣದ ಹತ್ತಿರದ ಪರವಾಡ. ಆಮೇಲೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಮೊದಲ ಹಂತದ ಒಂದು ಲಕ್ಷ ಪಂಚಾಯತಿಗಳ ಕೆಲಸ 2017ರ ಕೊನೆಗೆ ಮುಗಿಯಿತು. ಆ ಹಂತದ ಕೆಲಸ ಬಹುಪಾಲು ನೆಲದಡಿಯದು. ಕರ್ನಾಟಕ ಅದರಲ್ಲಿ ಸೇರಿತ್ತು.

ಆಂಧ್ರ ಪ್ರದೇಶ ಬೇರೆ ದಾರಿ ಹಿಡಿಯಿತು. 2015ರಲ್ಲಿ ರಾಜ್ಯ ಸರ್ಕಾರ ಫೈಬರ್‌ನೆಟ್ ಸಂಸ್ಥೆಯನ್ನು ಸ್ಥಾಪಿಸಿ, ಅಗೆಯುವುದೇ ಬೇಡ, ವಿದ್ಯುತ್ ಕಂಬಗಳು ಎಲ್ಲ ಊರಿಗೂ ಹೋಗಿವೆಯಲ್ಲ, ಅವುಗಳ ಮೇಲೇ ಎಳೆಯೋಣ ಎಂದಿತು. ಇದಕ್ಕೆ ಲೋಹದ ಚೂರೂ ಇಲ್ಲದ, ತನ್ನ ಭಾರವನ್ನು ತಾನೇ ಹೊರುವ ಕೇಬಲ್ ಬೇಕು. ಲೋಹವಿಲ್ಲದ್ದರಿಂದ ಕರೆಂಟಿನ ತಂತಿಯ ಹತ್ತಿರವಿದ್ದರೂ ಅಪಾಯ ಕಡಿಮೆ. ವಿದ್ಯುತ್ ಉಪಕೇಂದ್ರಗಳಲ್ಲೇ ಯಂತ್ರಗಳನ್ನು ಕೂರಿಸಿದರು. ಮೊದಲ ಹಂತಕ್ಕೆ 333 ಕೋಟಿ ರೂಪಾಯಿ, ಎಳೆದದ್ದು 23,000 ಕಿಲೋಮೀಟರಿಗೂ ಹೆಚ್ಚು ಎಂದು ಪ್ರಕಟವಾಯಿತು. ಲೆಡ್ಜರ್ ಬರೆದು ಸವೆದ ಕೈ ಸುಮ್ಮನಿರುವುದೇ? ಭಾಗಾಕಾರ ಮಾಡಿದೆ: ಕಿಲೋಮೀಟರಿಗೆ ಒಂದೂವರೆ ಲಕ್ಷಕ್ಕೂ ಕಡಿಮೆ. ನೆಲ ಅಗೆಯುವ ಲೆಕ್ಕ ಇದರ ಹತ್ತಿರ ಸುಳಿಯದು. 2017ರ ಡಿಸೆಂಬರ್ 27ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಇದನ್ನು ಉದ್ಘಾಟಿಸಿದರು. ತಿಂಗಳಿಗೆ 149 ರೂಪಾಯಿಗೆ ಇಂಟರ್‌ನೆಟ್, ಟಿ.ವಿ., ದೂರವಾಣಿ ಮೂರನ್ನೂ ಕೊಡುವುದಾಗಿ ಆಗ ಹೇಳಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚಿದರು ಎನ್ನಬೇಕು.

ಹಾಗಾದರೆ ಎರಡರಲ್ಲಿ ಯಾವುದು ಮೇಲು? ಕಂಬದ ಮೇಲಿನದು ಬೇಗ ಬರುತ್ತದೆ, ಅಗ್ಗ, ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಆದರೆ ಬಿರುಗಾಳಿಗೆ ಕೊಂಬೆ ಬಿದ್ದರೆ, ಹುಲ್ಲು ಹೇರಿದ ಲಾರಿ ತಗುಲಿದರೆ, ಕಂಬ ಬದಲಿಸುವಾಗ ಲೈನ್‌ಮನ್ ಕೈ ಜಾರಿದರೆ ಮುಗಿಯಿತು. ನೆಲದಡಿಯದು ಗಾಳಿ ಮಳೆಗೆ ಅಂಜದು. ಅದರ ವೈರಿ ಜೆ.ಸಿ.ಬಿ. ನೀರಿನ ಪೈಪಿಗೆಂದು ಅಗೆಯುವವನಿಗೆ ಕೇಬಲ್ ಎಲ್ಲಿದೆ ಎಂದು ಹೇಳುವವರಿಲ್ಲ. ನಾನು ಕೆಲಸ ಮಾಡುತ್ತಿದ್ದ ಶಾಖೆಗೆ ಕಂಪ್ಯೂಟರ್ ಬಂದ ಮೇಲೆ ಒಮ್ಮೆ ಹೀಗೇ ಆಯಿತು. ಯಾರೋ ಎಲ್ಲೋ ಅಗೆದರು, ನಮ್ಮ ಲೈನು ಸತ್ತಿತು. ಪಿಂಚಣಿಗೆ ಬಂದ ಅಜ್ಜಿಯರು ಮೂರು ದಿನ ಮೆಟ್ಟಿಲ ಮೇಲೆ ಕೂತು ಎದ್ದುಹೋದರು. ಹಣ ಪೆಟ್ಟಿಗೆಯಲ್ಲಿತ್ತು, ಅವರ ಹೆಸರು ಪುಸ್ತಕದಲ್ಲಿತ್ತು. ನಡುವೆ ಕೂದಲಿನಂಥ ಎಳೆ ಇರಲಿಲ್ಲ. ಇಂಥ ಹಾನಿ ತಪ್ಪಿಸಲೆಂದೇ ಅಗೆಯುವ ಮುನ್ನ ತಿಳಿಸಬೇಕಾದ ಒಂದು ಮೊಬೈಲ್ ಆ್ಯಪ್ ಅನ್ನು ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು ಆರಂಭಿಸಿದೆ. ನಮ್ಮ ಕಡೆ ಅಗೆಯುವವರಿಗೆ ಅದರ ಹೆಸರು ಮುಟ್ಟಬೇಕು.

ಇನ್ನು ಗಡಿಯ ಮಾತು. ಕೆರೆಯ ಕಾಲುವೆಯನ್ನು ನೆನೆಸಿಕೊಳ್ಳಿ. ತೂಬಿನ ಹತ್ತಿರದ ಗದ್ದೆಗೆ ನೀರು ತಪ್ಪುವುದಿಲ್ಲ; ಕೊನೆಯ ಗದ್ದೆಯವನಿಗೆ ಮಧ್ಯದಲ್ಲಿ ಎಲ್ಲಿ ಒಡೆದರೂ ಕಷ್ಟ. ಕೇಬಲ್ ಕೂಡ ಕಾಲುವೆಯಂತೆ ಒಂದೇ ದಿಕ್ಕಿನಲ್ಲಿ ಬಂದರೆ ಗಡಿಯ ಊರು ಯಾವಾಗಲೂ ಕೊನೆಯ ಗದ್ದೆ. ಇದಕ್ಕೆ ಮದ್ದು ಬಳೆಯಂತೆ ಸುತ್ತು ಕಟ್ಟುವುದು. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಬೆಳಕು ಬರುತ್ತದೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ, 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿಯಾದ ಭಾರತ್‌ನೆಟ್ ಯೋಜನೆ ಪಂಚಾಯತಿಗಳನ್ನು ಹೀಗೆ ಬಳೆಯಾಗಿ ಜೋಡಿಸಬೇಕು ಎನ್ನುತ್ತದೆ. ನನ್ನ ಅರಿಕೆ ಇಷ್ಟೇ: ನಮ್ಮ ಕೊನೆಯ ಊರಿಗೂ ಶಿರಾ ತಾಲೂಕಿನ ಮೊದಲ ಊರಿಗೂ ಇರುವ ದೂರ ಕೆಲವೇ ಮೈಲಿ. ಆ ಕೆಲವು ಮೈಲಿ ಕಾಲುವೆ ತೋಡಿದರೆ ಎರಡು ರಾಜ್ಯಗಳ ಬಾಲಗಳು ಸೇರಿ ಒಂದು ಬಳೆಯಾಗುತ್ತದೆ. ಇದಕ್ಕೆ ಎರಡು ರಾಜ್ಯಗಳೂ ಕೇಂದ್ರವೂ ಕೂತು ಮಾತಾಡಬೇಕು. ಕೇಳಬೇಕಾದವರು ನಾವು. ಬೆಜವಾಡಕ್ಕೂ ಬೆಂಗಳೂರಿಗೂ ಈ ಊರುಗಳು ನಕ್ಷೆಯ ಅಂಚು; ನಮಗೆ ಮಾತ್ರ ಇದು ನಡುಮನೆ.

ಇನ್ನೂ ಒಂದು ಮಾತಿದೆ. ಗಾಜಿನ ಎಳೆಗೆ ಭಾಷೆಯಿಲ್ಲ. ತೆಲುಗನ್ನೂ ಕನ್ನಡವನ್ನೂ ಅದು ಒಂದೇ ವೇಗದಲ್ಲಿ ಹೊರುತ್ತದೆ. ಅದರೊಳಗೆ ಏನು ಹರಿಯಬೇಕೆಂದು ತೀರ್ಮಾನಿಸುವುದು ಮನುಷ್ಯರು. ಎರಡೂ ಭಾಷೆ ಬಲ್ಲ ನಮಗೆ ತೆಲುಗಿನ ಮೇಲೆ ಮುನಿಸಿಲ್ಲ. ಆದರೆ ಕನ್ನಡ ಶಾಲೆಯ ಮಗುವಿಗೆ ಕನ್ನಡದ ಪಾಠ, ಮನೆಯ ಹೆಂಗಸರಿಗೆ ಕನ್ನಡದ ವಾಹಿನಿ, ಅರ್ಜಿಗೆ ಕನ್ನಡದ ನಮೂನೆ ಕೇಳಿದರೆ ತಪ್ಪೇನು? ಎಳೆ ಬರುವವರೆಗೆ ದೂರ ಎಂಬ ನೆಪವಿತ್ತು. ಈಗ ಸಾವಿರ ಕಿಲೋಮೀಟರ್ ದಾಟಲು ಬೆಳಕಿಗೆ ಸೆಕೆಂಡಿನ ಇನ್ನೂರನೇ ಒಂದು ಭಾಗ ಸಾಕು. ಆ ನೆಪ ಇನ್ನು ನಡೆಯದು.

ಕೊನೆಯದಾಗಿ ನಿಮ್ಮ ಹೊಲದ ಬದುವಿಗೆ ಅಳತೆ ಟೇಪು ಹಿಡಿದವರು ಬಂದಾರು. 2023ರ ದೂರಸಂಪರ್ಕ ಕಾಯಿದೆಯೂ ಅದರಡಿ 2025ರ ಜನವರಿ 1ರಿಂದ ಜಾರಿಗೆ ಬಂದ ಮಾರ್ಗದ ಹಕ್ಕಿನ ನಿಯಮಗಳೂ ಈಗ ಲೆಕ್ಕಕ್ಕೆ. ಬಂದವರನ್ನು ಬೈದು ಅಟ್ಟಬೇಡಿ, ಕಣ್ಣುಮುಚ್ಚಿ ಒಪ್ಪಲೂ ಬೇಡಿ. ಯಾವ ಕಚೇರಿಯವರು, ಅನುಮತಿ ಪತ್ರ ಎಲ್ಲಿ, ಎಷ್ಟು ಆಳ, ಅಗೆದದ್ದನ್ನು ಯಾರು ಮುಚ್ಚುತ್ತಾರೆ, ಗುರುತಿನ ಕಲ್ಲು ಎಲ್ಲಿ ನೆಡುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮಾರ್ಗದ ನಕ್ಷೆಯ ಒಂದು ಪ್ರತಿ ಪಂಚಾಯತಿಯಲ್ಲಿರಲಿ. ಮುಂದಿನ ಸಲ ಜೆ.ಸಿ.ಬಿ. ಬಂದಾಗ ಆ ಕಾಗದವೇ ನಿಮ್ಮೂರಿನ ಅಜ್ಜಿಯ ಪಿಂಚಣಿಯನ್ನು ಕಾಯುತ್ತದೆ.