ಕೇಳಿ ಪಡೆದ ನೆಲ, ಹೋರಾಡಿ ಪಡೆದ ನೆಲ

1951ರ ಏಪ್ರಿಲ್. ತೆಲಂಗಾಣದ ನಲ್ಗೊಂಡ ಜಿಲ್ಲೆಯ ಪೋಚಂಪಳ್ಳಿಗೆ ವಿನೋಬಾ ಭಾವೆ ನಡೆದುಕೊಂಡೇ ಬಂದರು. ಸುತ್ತಮುತ್ತ ರೈತರ ಸಶಸ್ತ್ರ ಹೋರಾಟ ನಡೆದ ಸೀಮೆ ಅದು. ಊರಿನ ದಲಿತರು ನಮಗೆ 80 ಎಕರೆ ಬೇಕು ಅಂದರು. ವಿನೋಬಾ ಅಲ್ಲಿ ಸೇರಿದ್ದವರನ್ನೇ ಕೇಳಿದರು. ರಾಮಚಂದ್ರ ರೆಡ್ಡಿ ಎಂಬ ಜಮೀನುದಾರರು 100 ಎಕರೆ ಕೊಡುತ್ತೇನೆ ಅಂದರು. ಭೂದಾನ ಶುರುವಾದದ್ದು ಹೀಗೆ.

ಅದೇ ಬೇಸಿಗೆಯಲ್ಲಿ ನಮ್ಮ ಸಾಗರ ತಾಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಒಡೆಯರ ಎದುರು ನಿಂತಿದ್ದರು. ಜಗಳ ಹೊತ್ತಿಕೊಂಡದ್ದು ಕೊಳಗದ ಮೇಲೆ. ಗೇಣಿ ಭತ್ತ ಅಳೆಸಿಕೊಳ್ಳುವ ಕೊಳಗ ಮಾಮೂಲಿಗಿಂತ ದೊಡ್ಡದು! ಲೆಕ್ಕದಲ್ಲಿ ಎಲ್ಲ ಸರಿ, ಅಳತೆಯೇ ಮೋಸ. ದಿನವಿಡೀ ಬಗ್ ಹುಡುಕುವ ನನಗೆ ಇದು ಬಹಳ ಹಿಡಿಸಿದ ವಿವರ. ಗಣಪತಿಯಪ್ಪ ಜನರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಯಾದರು, ಜೂನ್‌ನಲ್ಲಿ ಲೋಹಿಯಾ ಬಂದು ಬಂಧನಕ್ಕೊಳಗಾದರು.

ಇಬ್ಬರೂ ಕತ್ತಿ ಹಿಡಿದವರಲ್ಲ. ಆದರೆ ವಿನೋಬಾ ನಂಬಿದ್ದು ಕೊಡುವವನ ಮನಸ್ಸನ್ನು, ಕಾಗೋಡು ನಂಬಿದ್ದು ಉಳುವವನ ಹಕ್ಕನ್ನು. ವಿನೋಬಾರ ಗುರಿ 5 ಕೋಟಿ ಎಕರೆ. ಬಂದದ್ದು 40 ಲಕ್ಷ ಚಿಲ್ಲರೆ, ಅದರಲ್ಲೂ ಎಷ್ಟೋ ಕಲ್ಲುಗುಡ್ಡ, ಎಷ್ಟೋ ವ್ಯಾಜ್ಯದ ಜಮೀನು. 1957ರಲ್ಲಿ ಮೈಸೂರು ಪಕ್ಕದ ಯಲವಾಳದಲ್ಲಿ ನೆಹರೂ ಸೇರಿದಂತೆ ನಾನಾ ಪಕ್ಷದ ನಾಯಕರು ಕೂತು ಗ್ರಾಮದಾನವನ್ನು ಹೊಗಳಿದರು. ಹೊಗಳಿಕೆಗೇನೂ ಕೊರತೆ ಇರಲಿಲ್ಲ ಬಿಡಿ. ವಿನೋಬಾರ ಪ್ರಾಮಾಣಿಕತೆ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಯಾವ ಹೊಲ ಕೊಡಬೇಕೆಂದು ಕೊಡುವವನೇ ಆರಿಸಿದರೆ ಒಳ್ಳೆ ಗದ್ದೆ ಯಾಕೆ ಬರುತ್ತದೆ ಹೇಳಿ?

ಕಾಗೋಡಿನವರಿಗೂ ಆಗಲೇ ಏನೂ ದಕ್ಕಲಿಲ್ಲ. ಆದರೆ 'ಉಳುವವನೇ ಹೊಲದೊಡೆಯ' ಎಂಬ ಮಾತು ನಿಂತಿತು. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿದಾರ 7ನೇ ನಮೂನೆ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಲ್ಲಬಹುದಿತ್ತು. ಮೊದಮೊದಲು ಅಲ್ಲಿಗೆ ವಕೀಲರಿಗೆ ಪ್ರವೇಶವೂ ಇರಲಿಲ್ಲ.

ನಮ್ಮ ಮನೆಯಲ್ಲಿ ಇದು ಇನ್ನೂ ಮುಗಿದಿಲ್ಲ. ಅಪ್ಪನ ಮನೆಯವರಿಗೆ ಗದ್ದೆ ಬಂದದ್ದು ಆ ಕಾಯ್ದೆಯಿಂದ. ಅಮ್ಮನ ಅಜ್ಜಿ, ಗಂಡ ತೀರಿಕೊಂಡಿದ್ದರಿಂದ ಇದ್ದ ಎರಡೆಕರೆಯನ್ನು ಗೇಣಿಗೆ ಕೊಟ್ಟಿದ್ದವರು, ಅದನ್ನು ಕಳೆದುಕೊಂಡರು. ಕಾನೂನಿಗೆ ಇವರೂ ಒಂದೇ, ನೂರೆಕರೆಯ ಒಡೆಯನೂ ಒಂದೇ. ಅಪ್ಪ "ನ್ಯಾಯ" ಅಂದರೆ ಅಮ್ಮ ಎದ್ದು ಒಳಗೆ ಹೋಗುತ್ತಾರೆ. ಅಜ್ಜಿಗೆ ಆದದ್ದು ಅನ್ಯಾಯವೇ. ಆದರೂ ಮನಃಪರಿವರ್ತನೆಗೆ ಕಾದಿದ್ದರೆ ನನ್ನಪ್ಪ ಶಾಲೆ ಮೆಟ್ಟಿಲು ಹತ್ತುತ್ತಿರಲಿಲ್ಲ, ನಾನು ಇಂಜಿನಿಯರಿಂಗ್ ಓದುತ್ತಿರಲಿಲ್ಲ.

ಇನ್ನೊಂದು ಮಾತು. ಪೋಚಂಪಳ್ಳಿಯಲ್ಲಿ ಕೈಯೊಡ್ಡಿದವರು ಗೇಣಿದಾರರಲ್ಲ, ಭೂಮಿಯೇ ಇಲ್ಲದವರು. ಅಂಥ ಕೂಲಿಯಾಳಿಗೆ 7ನೇ ನಮೂನೆಯಲ್ಲಿ ಬರೆಯಲು ಏನೂ ಇರಲಿಲ್ಲ. ನಮ್ಮ ಗದ್ದೆಯಲ್ಲಿ ನಾಟಿಗೆ ಬರುತ್ತಿದ್ದವರ ಮಕ್ಕಳು ಈಗಲೂ ಕೂಲಿಗೇ ಹೋಗುತ್ತಾರೆ. 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಮುಗಳು ಹೋದವು. ಈಗ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ನಮ್ಮ ಆಫೀಸಿನಲ್ಲಿ ಊಟದ ಹೊತ್ತಿನ ಮಾತೆಲ್ಲ ಸಕಲೇಶಪುರದ ಕಡೆ ಎಕರೆಗೆ ಎಷ್ಟು ಅನ್ನುವುದರ ಮೇಲೇ.